ಮೊದಲು ಹೇಳಿಕೆ, ಆಮೇಲೆ ಪ್ರತಿಕ್ರಿಯೆ

ಸಂಪಾದಕರಿಗೆ,

ಮಾನ್ಯರೇ,

ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರು 2025ರ ಜೂನ್ 18ರಂದು ಕೊಟ್ಟ ವಿವರಣೆಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗಿನ ಕಾದಾಟ ನಿಂತದ್ದು ಎರಡೂ ಸೇನೆಗಳು ನೇರವಾಗಿ ಮಾತಾಡಿದ್ದರಿಂದ. ಅಮೆರಿಕದ ಮಧ್ಯಸ್ಥಿಕೆಯಾಗಲಿ, ವ್ಯಾಪಾರದ ಮಾತಾಗಲಿ ಇರಲಿಲ್ಲ ಎಂದು ಪ್ರಧಾನಿಯವರು ಟ್ರಂಪ್ ಅವರಿಗೆ ಫೋನಿನಲ್ಲೇ ತಿಳಿಸಿದ್ದಾರೆ ಎಂಬುದು ಅದರ ಸಾರ. ಅಮ್ಮತ್ತಿಯ ಹೋಟೆಲಿನಲ್ಲಿ ಅದನ್ನು ಓದಿದ ಒಬ್ಬರು, "ನೋಡಿ, ಈಗ ಮಾತು ಬದಲಾಯಿಸಿದರು" ಎಂದರು. ಮಿಸ್ರಿ ಏನನ್ನೂ ಬದಲಾಯಿಸಿಲ್ಲ. ಮೇ 10ರಂದು ಹೇಳಿದ್ದನ್ನೇ ಈಗ ಬಿಡಿಸಿ ಹೇಳಿದ್ದಾರೆ. ಆದರೆ ಅಂದು ಅವರು ಹೇಳಿದ್ದೇನು ಎಂಬುದನ್ನು ನಮ್ಮ ಕೊಡಗು ಜಿಲ್ಲೆಯ ಓದುಗರಿಗೆ ಯಾರೂ ಸರಿಯಾಗಿ ಓದಿಸಲೇ ಇಲ್ಲ. ನನ್ನ ತಕರಾರು ಅದರ ಬಗ್ಗೆ.

ನಾನು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತನಾದವನು. ಜಬಲ್ಪುರದ ತರಬೇತಿಯಲ್ಲಿ ನಮ್ಮ ತಲೆಗೆ ತುಂಬಿಸಿದ್ದು ಇಷ್ಟು: ಸಂದೇಶ ಯಾರಿಂದ, ಯಾರಿಗೆ, ಎಷ್ಟು ಗಂಟೆಗೆ, ಮಾತು ಬಂದದ್ದು ಬಂದ ಹಾಗೆ. ನಿನ್ನ ಬುದ್ಧಿವಂತಿಕೆ ಅದರಲ್ಲಿ ಬೇಡ. ಆ ಚಾಳಿ ಇನ್ನೂ ಹೋಗಿಲ್ಲ. ಪತ್ರಿಕೆ ಓದುವಾಗ ಕೈಯಲ್ಲಿ ಪೆನ್ಸಿಲ್ ಇಟ್ಟುಕೊಳ್ಳುತ್ತೇನೆ, ಅದಕ್ಕಾಗಿ ಮನೆಯಲ್ಲಿ ಬೈಸಿಕೊಳ್ಳುವುದೂ ಇದೆ.

ಮೇ 10, ಶನಿವಾರ. ಸಂಜೆ ಆರರ ಹೊತ್ತಿಗೆ ಮಿಸ್ರಿ ಹೇಳಿದ್ದು ಬಹಳ ಚಿಕ್ಕದು. ಪಾಕಿಸ್ತಾನದ ಡಿಜಿಎಂಒ, ಅಂದರೆ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು, ಮಧ್ಯಾಹ್ನ 3.35ಕ್ಕೆ ನಮ್ಮ ಡಿಜಿಎಂಒಗೆ ಕರೆ ಮಾಡಿದರು. ಸಂಜೆ 5ರಿಂದ ನೆಲ, ಆಕಾಶ, ಸಮುದ್ರ ಮೂರರಲ್ಲೂ ಗುಂಡು ಮತ್ತು ಸೇನಾ ಕಾರ್ಯಾಚರಣೆ ನಿಲ್ಲಿಸಲು ಇಬ್ಬರೂ ಒಪ್ಪಿದ್ದಾರೆ. ಎರಡೂ ಕಡೆ ಆದೇಶ ಹೋಗಿದೆ. 12ರಂದು ಮಧ್ಯಾಹ್ನ 12ಕ್ಕೆ ಮತ್ತೆ ಮಾತಾಡುತ್ತಾರೆ. ಅಷ್ಟೇ. ಅದರಲ್ಲಿ ಮೂರನೆಯವರ ಹೆಸರೇ ಇಲ್ಲ. ಅದಕ್ಕೂ ತುಸು ಮುಂಚೆ, ಐದೂವರೆಯ ಆಸುಪಾಸಿನಲ್ಲಿ, ಟ್ರಂಪ್ ತಮ್ಮ ಖಾತೆಯಲ್ಲಿ ಅಮೆರಿಕದ ಮಧ್ಯಸ್ಥಿಕೆಯಿಂದ ಕದನ ವಿರಾಮ ಆಗಿದೆ ಎಂದು ಬರೆದಿದ್ದರು. ಅವರ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಇನ್ನೂ ಮುಂದೆ ಹೋಗಿ, ತಟಸ್ಥ ಸ್ಥಳದಲ್ಲಿ ಹತ್ತಾರು ವಿಷಯಗಳ ಮಾತುಕತೆಗೆ ಎರಡೂ ದೇಶಗಳು ಒಪ್ಪಿವೆ ಎಂದರು. ರಾತ್ರಿ ಹನ್ನೊಂದರ ಸುಮಾರಿಗೆ ಮಿಸ್ರಿ ಮತ್ತೆ ಬಂದು, ಪಾಕಿಸ್ತಾನ ಮಾತು ಮುರಿದಿದೆ, ನಮ್ಮ ಸೇನೆ ತಕ್ಕ ಉತ್ತರ ಕೊಡುತ್ತಿದೆ ಎಂದರು. ನಾಲ್ಕು ಸಂದೇಶ, ಮೂರು ಬಾಯಿ.

ಭಾನುವಾರ ನಾನು ನೋಡಿದ ಪತ್ರಿಕೆಗಳಲ್ಲಿ, ನಿಮ್ಮದೂ ಸೇರಿ, ಈ ನಾಲ್ಕೂ ಕಲಸಿ ಒಂದಾಗಿದ್ದವು. ಒಂದರಲ್ಲಂತೂ ಮಿಸ್ರಿಯವರ ಫೋಟೊ ಕೆಳಗೆ ರುಬಿಯೊ ಮಾತು. ಒಳಪುಟ ತಿರುವಿದರೆ ಅರ್ಧ ಪುಟ 'ಜಿಲ್ಲೆಯ ಪ್ರತಿಕ್ರಿಯೆ'. ಮಡಿಕೇರಿಯ ಮುಖಂಡರು, ಗೋಣಿಕೊಪ್ಪದ ವರ್ತಕರು, ಕುಶಾಲನಗರದ ವಕೀಲರು, ಎಲ್ಲರದೂ ಪಾಸ್‌ಪೋರ್ಟ್ ಅಳತೆಯ ಫೋಟೊ. ಒಬ್ಬರು ಸ್ವಾಗತಿಸಿದ್ದರು, ಒಬ್ಬರು ದ್ರೋಹ ಎಂದಿದ್ದರು, ಇನ್ನೊಬ್ಬರು ಕಾದು ನೋಡೋಣ ಎಂದಿದ್ದರು. ಇವರೆಲ್ಲ ಯಾವ ಮಾತಿಗೆ ಪ್ರತಿಕ್ರಿಯಿಸಿದರು ಎಂಬುದು ಮಾತ್ರ ಪುಟದಲ್ಲಿ ಎಲ್ಲೂ ಇರಲಿಲ್ಲ. ಅವರಿಗಾದರೂ ಗೊತ್ತಿತ್ತೋ ಇಲ್ಲವೋ.

ನಮ್ಮ ಪಕ್ಕದ ಮನೆಯ ಹುಡುಗ ಜಮ್ಮು ಕಡೆ ಇದ್ದಾನೆ. ಅವನ ತಾಯಿ ಅಂದು ಬೆಳಿಗ್ಗೆ ಪತ್ರಿಕೆ ಹಿಡಿದುಕೊಂಡೇ ಬಂದರು. "ಅಣ್ಣ, ಐದು ಗಂಟೆಗೆ ನಿಂತಿತು ಅಂತಲೂ ಬರೆದಿದ್ದಾರೆ, ಹೊಡೆಯುತ್ತಿದ್ದಾರೆ ಅಂತಲೂ ಬರೆದಿದ್ದಾರೆ. ಇದರಲ್ಲಿ ಮೊದಲು ಯಾವುದು?" ಮೊದಲ ಪುಟ ಪೂರ್ತಿ ಓದಿದವರು ಕೇಳಬೇಕಾದ ಪ್ರಶ್ನೆಯೇ ಇದು? ನಾನು ಪೆನ್ಸಿಲಿನಲ್ಲಿ ಪಕ್ಕಕ್ಕೆ ಗಂಟೆ ಬರೆದುಕೊಟ್ಟೆ. ಹೊಡೆದದ್ದು ಆಮೇಲಿನದು ಎಂದರೆ ತಾಯಿಗೆ ಸಮಾಧಾನವಾಗುವ ಉತ್ತರವೇನಲ್ಲ. ಆದರೂ ತಿಳಿಯಬೇಕಲ್ಲ.

ಟಿವಿಯವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಸೇನಾ ಕಾರ್ಯಾಚರಣೆಯ ನೇರ ಪ್ರಸಾರ ಬೇಡ ಎಂದು ಸರ್ಕಾರ ಏಪ್ರಿಲ್ 26ರಂದೇ ಸೂಚಿಸಿತ್ತು. ಆದರೂ ಮೇ 8ರ ರಾತ್ರಿ ಕೆಲವರು ಪರದೆಯ ಮೇಲೆ ಕರಾಚಿ ಬಂದರನ್ನೇ ಸುಟ್ಟುಬಿಟ್ಟರು, ಸೈರನ್ ಬೇರೆ. ಅವರಿಗೆ ಪ್ರತಿ ನಿಮಿಷ ಏನಾದರೂ ಬೇಕು. ಪತ್ರಿಕೆಗೆ ಆ ಅವಸರ ಇಲ್ಲ. ಶನಿವಾರ ಸಂಜೆಯಿಂದ ಮುದ್ರಣದವರೆಗೆ ಕೆಲವು ಗಂಟೆ ಇತ್ತು. ಅದಲ್ಲದೆ ಈಗಿನ ಮಳೆಯಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ತಡವಾಗಿ ಬಂದರೂ ಸರಿ, ನಂಬುವುದು ಪತ್ರಿಕೆಯನ್ನೇ.

ಮೇ 11ರ ಹೊತ್ತಿಗೆ ಮಿಸ್ರಿಯವರನ್ನೂ ಅವರ ಮನೆಯವರನ್ನೂ ಜಾಲತಾಣದಲ್ಲಿ ಎಷ್ಟು ಕೊಳಕಾಗಿ ಬೈದರೆಂದರೆ, ಅವರು ಎಕ್ಸ್ ಖಾತೆಯನ್ನೇ ಹೊರಗಿನವರಿಗೆ ಮುಚ್ಚಬೇಕಾಯಿತು. ಐಎಎಸ್ ಅಧಿಕಾರಿಗಳ ಸಂಘವೂ ಹಿಂದಿನ ವಿದೇಶಾಂಗ ಕಾರ್ಯದರ್ಶಿ ನಿರುಪಮಾ ರಾವ್ ಕೂಡ ಮಿಸ್ರಿಯವರ ಪರ ನಿಂತರು. ನಮ್ಮಲ್ಲಿ ಒಂದು ಪತ್ರಿಕೆ ಆ ಬೈಗುಳಕ್ಕೆ 'ಸಾರ್ವಜನಿಕರ ಆಕ್ರೋಶ' ಎಂದು ಮರ್ಯಾದೆಯ ತಲೆಬರಹ ಕೊಟ್ಟಿತು. ಆ ಮನುಷ್ಯ ಹುಟ್ಟಿದ್ದು ಶ್ರೀನಗರದಲ್ಲಿ. ಕಾಶ್ಮೀರ ಏನೆಂದು ಅವರಿಗೆ ಹೇಳಿಕೊಡಲು ಹೊರಟವರು ಯಾರು? ನಿಲ್ಲಿಸುವ ತೀರ್ಮಾನ ಸರ್ಕಾರದ್ದು, ಓದಿ ಹೇಳಿದ್ದು ಅವರು. ಟೀಕೆ ಬೇಡ ಎನ್ನುತ್ತಿಲ್ಲ. ಸುದ್ದಿ ದೆಹಲಿಗಿಂತ ಮೊದಲು ವಾಷಿಂಗ್ಟನ್‌ನಿಂದ ಬಂದದ್ದು ನನಗೂ ಹಿಡಿಸಲಿಲ್ಲ. ಅದನ್ನು ಸರ್ಕಾರವನ್ನು ಕೇಳಿ.

ಕೊಡಗಿನವನು ಇಂಥ ಕಾಗದ ಬರೆದರೆ ಜನರಲ್ ತಿಮ್ಮಯ್ಯನವರು ಬರಲೇಬೇಕು ಎಂದು ನೀವು ನಗುತ್ತಿರಬಹುದು. ಅವರನ್ನು ಇವತ್ತು ಬಿಡೋಣ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಹಂಗೇರಿ, ಘಾನಾ, ನೆದರ್ಲೆಂಡ್ಸ್‌ಗಳಲ್ಲಿ ರಾಯಭಾರಿಯಾಗಿದ್ದು ದೇಶದ ಮಾತನ್ನು ದೇಶದ ಹೆಸರಿನಲ್ಲಿ ಆಡಿದರು. ಹೆಣ್ಣೆಂಬ ಕಾರಣಕ್ಕೆ ಬಡ್ತಿಯಲ್ಲಿ ತಮಗೆ ಅನ್ಯಾಯವಾಗಿದೆ ಎನಿಸಿದಾಗ ಸುಪ್ರೀಂ ಕೋರ್ಟಿಗೆ ಹೋಗಿ ತಮ್ಮ ಸ್ವಂತ ಮಾತನ್ನು ಅಲ್ಲಿ ಹೇಳಿದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ಸೇವಾ ನಿಯಮಗಳ ತಾರತಮ್ಯವನ್ನು ಖಂಡಿಸಿತು. ಹುದ್ದೆಯ ಮಾತು ಬೇರೆ, ಆಡುವವರ ಮಾತು ಬೇರೆ ಎಂಬುದು ಅವರ ಊರಿನ ಪತ್ರಿಕೆಗಳಿಗಾದರೂ ತಿಳಿದಿರಬೇಕಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಈ ಮಳೆಗಾಲದಲ್ಲಿ ನೀವು ದಿನವೂ ಹೋಬಳಿವಾರು ಮಳೆ ಹಾಕುತ್ತೀರಿ. ಭಾಗಮಂಡಲ ಇಷ್ಟು ಮಿಲಿಮೀಟರ್, ಶಾಂತಳ್ಳಿ ಇಷ್ಟು. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು. 'ಧಾರಾಕಾರ ಮಳೆ' ಎಂದು ಎಷ್ಟು ದೊಡ್ಡದಾಗಿ ಬರೆದರೂ ಆ ಚೌಕ ಬಿಡುವುದಿಲ್ಲ. ರಾಜತಾಂತ್ರಿಕರ ಹೇಳಿಕೆಗೂ ಅಂಥದ್ದೊಂದು ಚೌಕ ಕೊಡಿ: ಯಾರು, ಯಾವ ಹುದ್ದೆ, ಎಷ್ಟು ಗಂಟೆಗೆ, ಪೂರ್ತಿ ಮಾತು. ಮೇ 10ರದ್ದು ಹತ್ತು ಸಾಲಿಗಿಂತ ಹೆಚ್ಚಾಗುತ್ತಿರಲಿಲ್ಲ. ಉಳಿದ ಪುಟದಲ್ಲಿ ಜಿಲ್ಲೆಯ ಮುಖಂಡರೆಲ್ಲರ ಫೋಟೊ ಹಾಕಿ, ನನ್ನದೇನೂ ಅಡ್ಡಿಯಿಲ್ಲ.

ಜಾಗ ಸಾಲದೆ ಈ ಪತ್ರವನ್ನು ಕತ್ತರಿಸುವುದಾದರೆ ನನ್ನ ಅಭಿಪ್ರಾಯಗಳನ್ನು ತೆಗೆಯಿರಿ, ಗಂಟೆಗಳನ್ನು ಬಿಡಿ.

ಇತಿ,
ಒಬ್ಬ ಮಾಜಿ ಸೈನಿಕ
ಅಮ್ಮತ್ತಿ, ಕೊಡಗು