ತಣ್ಣಗಾದ ಮೇಕೆಮರಿಗೆ ಮೊದಲು ಹಾಲು ಹಾಕಬೇಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಮಾಗಿ ಚಳಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬರುತ್ತಿದೆ. ಮಂಜು ಮುಸುಕಿದ ದುರ್ಗದ ಕೋಟೆ, ಟೀ ಅಂಗಡಿ ಮುಂದೆ ಮಂಕಿ ಟೋಪಿ ಹಾಕಿಕೊಂಡು ನಿಂತವರು, ಫೋಟೊಗಳು ಚೆನ್ನಾಗಿವೆ. ಆದರೆ ಇದೇ ಚಳಿಯಲ್ಲಿ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರು ಕಡೆಯ ರೊಪ್ಪಗಳಲ್ಲಿ ಮೇಕೆಗಳು ಈಯುತ್ತಿವೆ, ರಾತ್ರಿ ಹುಟ್ಟಿದ ಮರಿ ಬೆಳಗಾಗುವಷ್ಟರಲ್ಲಿ ಸೆಟೆದು ಬಿದ್ದಿರುತ್ತದೆ. ಅದರ ಬಗ್ಗೆ ಒಂದು ಸಾಲೂ ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ನಮ್ಮ ಕರಿ ಮೇಕೆ ಅವಳಿ ಮರಿ ಹಾಕಿತು. ಒಂದನ್ನು ನೆಕ್ಕಿ ಒಣಗಿಸಿತ್ತು. ಇನ್ನೊಂದು ತಡಿಕೆ ಪಕ್ಕ ಗಂಜಲದಲ್ಲಿ ಒದ್ದೆಯಾಗಿ ಬಿದ್ದಿತ್ತು. ನಾನು ನೋಡಿದ್ದು ಬೆಳಗಿನ ಜಾವ ಐದಕ್ಕೆ. ಬಾಯೊಳಗೆ ಬೆರಳಿಟ್ಟರೆ ಮಡಕೆ ನೀರಿನಷ್ಟು ತಣ್ಣಗಿತ್ತು. ಪಾಪ, ಹಸಿದಿದೆ ಅಂತ ತಾಯಿ ಹಾಲು ಕರೆದು ಗೊಟ್ಟದಲ್ಲಿ ಹಾಕಿದೆ. ಮರಿ ನುಂಗಲಿಲ್ಲ. ಹಾಲು ಮೂಗಿನಲ್ಲಿ ಗುಳ್ಳೆಯಾಗಿ ಬಂತು, ಎರಡು ಸಲ ಬಾಯಿ ತೆರೆಯಿತು, ಅಷ್ಟೇ. ಚಳಿಗೆ ಹೋಯಿತು ಅಂತ ಮನೆಯವರೆಲ್ಲ ಹೇಳಿದರು. ಪಶು ಡಾಕ್ಟರು ಹೇಳಿದ್ದು ಬೇರೆ. ಅಷ್ಟು ತಣ್ಣಗಾದ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆಗೆ ಹೋದರೂ ಅರಗುವುದಿಲ್ಲ, ಮೊದಲು ಮೈ ಬಿಸಿ ಮಾಡಿ ಆಮೇಲೆ ಹಾಲು ಹಾಕಬೇಕಿತ್ತು ಅಂದರು. ನಲವತ್ತು ವರ್ಷದಿಂದ ಮೇಕೆ ಸಾಕುತ್ತಿರುವ ಮನೆ ನಮ್ಮದು. ಈ ಮಾತು ನಮಗೆ ಗೊತ್ತಿರಲಿಲ್ಲ.

ಮೇಕೆಮರಿಯ ಮೈ ಬಿಸಿ ಸುಮಾರು 102, 103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಜ್ವರ ನೋಡುವ ಥರ್ಮಾಮೀಟರನ್ನೇ ಹಿಂಭಾಗದಲ್ಲಿ ಮೆಲ್ಲಗೆ ಇಟ್ಟು ನೋಡಬಹುದು. 99ಕ್ಕಿಂತ ಕೆಳಗಿದ್ದರೆ ಹಾಲಿನ ತಂಟೆಗೆ ಹೋಗಬೇಡಿ. ಥರ್ಮಾಮೀಟರ್ ಇಲ್ಲವಾ, ಬಾಯಲ್ಲಿ ಬೆರಳಿಡಿ, ನಾಲಿಗೆ ತಣ್ಣಗಿದ್ದು ಬೆರಳು ಚೀಪದಿದ್ದರೆ ಅಷ್ಟು ಸಾಕು, ತಿಳಿಯುತ್ತದೆ.

ಅದೇ ಚಳಿಯಲ್ಲಿ ಇನ್ನೊಂದು ಮರಿ ಹಾಗೇ ಆಯಿತು. ಕಣ್ಣೆದುರೇ ಹುಟ್ಟಿದ್ದು, ತಾಯಿ ಚೊಚ್ಚಲು, ಹತ್ತಿರ ಸೇರಿಸಲೇ ಇಲ್ಲ. ಈ ಸಲ ಮರಿಯನ್ನು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಕುತ್ತಿಗೆವರೆಗೆ ಇಳಿಸಿ, ತಲೆ ಮೇಲೆ ಹಿಡಿದುಕೊಂಡು, ಬಕೆಟ್ಟಿನ ಬಿಸಿನೀರಿನಲ್ಲಿ ಕೂರಿಸಿದೆವು. ನೀರು ಕೂಸಿಗೆ ಎರೆಯುವಷ್ಟು ಹದ, ಮೊಣಕೈ ಅದ್ದಿ ನೋಡಿದ್ದು. ಕವರ್ ಯಾಕೆ ಅಂದ್ರೆ ಮರಿ ನೆನೆಯಬಾರದು, ಮೈವಾಸನೆ ತೊಳೆದುಹೋದರೆ ತಾಯಿ ಗುರುತು ಹಿಡಿಯುವುದಿಲ್ಲ. ನೀರು ಆರಿದಂತೆ ಬಿಸಿನೀರು ಬೆರೆಸುತ್ತಾ ಹೋದೆವು. ಅರ್ಧ ಗಂಟೆ ಆದ ಮೇಲೆ ಕಿವಿ ಅಲ್ಲಾಡಿಸಿತು. ಆಮೇಲೆ ನನ್ನ ಬೆರಳನ್ನೇ ಗಟ್ಟಿಯಾಗಿ ಚೀಪಿತು ನೋಡಿ, ಆಗ ಗಿಣ್ಣುಹಾಲು ಕುಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಕಂಬಳಿ ಬಿಟ್ಟು ಎದ್ದು ಓಡಾಡುತ್ತಿತ್ತು.

ಒಂದು ಎಚ್ಚರ. ಹುಟ್ಟಿ ಐದಾರು ಗಂಟೆ ದಾಟಿದ ಮರಿಯಾದರೆ ಒಳಗಿನ ಕೊಬ್ಬೆಲ್ಲ ಕರಗಿ ಸಕ್ಕರೆ ಅಂಶ ಇಳಿದಿರುತ್ತದೆ, ಅಂಥದಕ್ಕೆ ಸುಮ್ನೆ ಬಿಸಿ ಕೊಟ್ಟರೆ ಫಿಟ್ಸ್ ಬರಬಹುದು. ಡಾಕ್ಟರು ಗ್ಲೂಕೋಸ್ ಕೊಡಬೇಕು. ಪಶು ಆಸ್ಪತ್ರೆ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಗಿಣ್ಣುಹಾಲಿನ ವಿಷಯದಲ್ಲೂ ನಾವು ತಡ ಮಾಡುತ್ತೇವೆ. ತಾಯಿಯ ಕಸ, ಅಂದ್ರೆ ಮಾಸು, ಬೀಳಲಿ ಅಂತ ಕಾಯುವವರು ಈಗಲೂ ಇದ್ದಾರೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಮರಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ, ಬರುವುದು ಗಿಣ್ಣಿನಿಂದಲೇ, ಕರುಳು ಅದನ್ನು ಹೀರಿಕೊಳ್ಳುವುದೂ ಮೊದಲ ಕೆಲವು ಗಂಟೆ ಮಾತ್ರ ಚೆನ್ನಾಗಿ, ಒಂದು ದಿನ ಕಳೆದರೆ ಮುಗಿಯಿತು. ಮೈ ಬೆಚ್ಚಗಿರುವ ಮರಿಗೆ ಒಂದು ಗಂಟೆಯೊಳಗೆ ಕುಡಿಸಿಬಿಡಿ. ಎರಡು ಕೆಜಿ ಮರಿಗೆ ಮೊದಲ ದಿನ ಸುಮಾರು 200 ಎಂಎಲ್ ಬೇಕು, ಸ್ವಲ್ಪ ಸ್ವಲ್ಪವಾಗಿ. ಮೊಲೆ ತುದಿಯಲ್ಲಿ ಮೇಣದಂಥ ಬಿರಡೆ ಕೂತಿರುತ್ತದೆ, ಒಂದೆರಡು ಸಲ ಹಿಂಡಿ ಬಿಡಿಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್.

ಇನ್ನು ಗಾಳಿ. ನಮ್ಮ ಗುಡ್ಡಗಳ ಮೇಲೆ ಕರೆಂಟಿಗೆ ಫ್ಯಾನು ನಿಲ್ಲಿಸಿದ್ದಾರೆ ಅಂದ್ರೆ ಗಾಳಿ ಎಷ್ಟಿರಬೇಕು ಯೋಚಿಸಿ. ಒಣಗಿದ ಮರಿ ಚಳಿ ತಡೆಯುತ್ತದೆ, ಒದ್ದೆ ಮರಿಗೆ ಆ ಗಾಳಿ ತಾಗಿದರೆ ತಡೆಯುವುದಿಲ್ಲ. ಮೂಡಲ ಕಡೆಯ ತಡಿಕೆಗೆ ಮರಿಯ ಎತ್ತರಕ್ಕೆ ಗೋಣಿ ಚೀಲ ಕಟ್ಟಿ, ಮೇಲೆ ಬಿಟ್ಟಿರಿ, ಗಂಜಲದ ಘಾಟು ಹೊರಗೆ ಹೋಗಬೇಕು. ರೊಪ್ಪದೊಳಗೆ ಬೆಂಕಿ ಹಾಕಿ ಹೊಗೆ ತುಂಬಿಸುತ್ತಾರಲ್ಲ, ಅದು ಬೇಡವೇ ಬೇಡ, ಆ ಎಳೆ ಶ್ವಾಸಕೋಶಕ್ಕೆ ಹೊಗೆ ಚಳಿಯಷ್ಟೇ ಕೆಟ್ಟದ್ದು. ನೆಲಕ್ಕೆ ಒಣಹುಲ್ಲೋ ಮೆಕ್ಕೆಜೋಳದ ಸಿಪ್ಪೆಯೋ ದಪ್ಪಗೆ ಹಾಸಿ, ದಿನಾ ಬದಲಿಸಿ.

ಸಂಪಾದಕರೇ, ಭೀಮಸಮುದ್ರದ, ಚನ್ನಗಿರಿಯ ಅಡಿಕೆ ಧಾರಣೆಗೆ ಪತ್ರಿಕೆಯಲ್ಲಿ ಜಾಗ ಇದೆ, ಇರಲಿ, ಬೇಕು. ಅದರ ಪಕ್ಕ ಬೆರಳಗಲ ಜಾಗ ಮೇಕೆ ಕುರಿ ಸಾಕುವವರಿಗೂ ಕೊಡಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುವವರೆಗೆ ಸಾಕು. ರಾತ್ರಿ ಎಷ್ಟು ಡಿಗ್ರಿಗೆ ಇಳಿಯಬಹುದು ಅಂತ ಒಂದು ಸಾಲು, ಪಶು ಡಾಕ್ಟರರ ಕಡೆಯಿಂದ ಒಂದು ಮಾತು. ನನ್ನ ಮೂರು ಮೇಕೆ ಇನ್ನೂ ಈಯಬೇಕು, ಒಂದಕ್ಕೆ ನಿನ್ನೆಯಿಂದ ಕೆಚ್ಚಲು ಬಿಗಿದಿದೆ.

ಇಂತಿ,
ನಿಮ್ಮ ಓದುಗ, ಚಳ್ಳಕೆರೆ ತಾಲ್ಲೂಕು