ಅಜ್ಜಿಗೆ ಬಾಯಿಪಾಠವಾದ ನಂಬರು

ಮಗಳೇ,

ಹಬ್ಬಕ್ಕೆ ಬಂದಾಗ ಶಾಲೆ ಗೇಟಿನ ಹತ್ತಿರ ಜಲ್ಲಿ ರಾಶಿ ನೋಡಿ ಏನಪ್ಪಾ ಇದು ಅಂತ ಕೇಳಿದ್ದೆ. ಈಗ ಅಲ್ಲಿ ಕಟ್ಟೆ ಎದ್ದಿದೆ. ನಮ್ಮೂರಿಂದ ಸೈನ್ಯಕ್ಕೆ ಹೋದವರ ಹೆಸರಿನ ಕಲ್ಲು ಅದರ ಮೇಲೆ ನಿಲ್ಲುತ್ತದೆ. ಕಬ್ಬಿನ ದುಡ್ಡು ಕೈಗೆ ಬಂದಾಗ ಮನೆಮನೆಯವರೂ ಕೊಟ್ಟ ಹಣ ಅದು.

ಕಟ್ಟೆ ಬೇಗ ಆಯಿತು. ಹೆಸರಿನ ವಿಷಯಕ್ಕೇ ಮೂರು ಸಲ ಸಭೆ ಸೇರಬೇಕಾಯಿತು. ಕಲ್ಲು ಸತ್ತವರಿಗೆ ಮಾತ್ರ, ಬದುಕಿ ಬಂದವರಿಗೆ ಪಿಂಚಣಿ ಇದೆಯಲ್ಲ ಅಂದರು ಕೆಲವರು. ಅವರ ಮೇಲೆ ನನಗೆ ಸಿಟ್ಟಿಲ್ಲ. 2019ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಜವಾನರು ಸತ್ತರಲ್ಲ, ಅವರಲ್ಲಿ ನಮ್ಮ ಮದ್ದೂರು ತಾಲ್ಲೂಕು ಗುಡಿಗೆರೆಯ ಗುರು ಒಬ್ಬರು. ಅವರ ದೇಹ ಬಂದ ದಿನ ರಸ್ತೆಯುದ್ದಕ್ಕೂ ಜನ ನಿಂತಿದ್ದರು. ಕಲ್ಲು ಅಂದರೆ ಎಲ್ಲರಿಗೂ ಆ ದಿನವೇ ನೆನಪಾಗುತ್ತದೆ.

ನಾನು ಎದ್ದು ಆತಕೂರಿನ ಕಲ್ಲಿನ ಕತೆ ಹೇಳಿದೆ. ನಮ್ಮ ತಾಲ್ಲೂಕಿನದೇ ಅಲ್ವಾ? 949ರ ಸುಮಾರಿಗೆ, ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರ ಮೇಲೆ ದೊಡ್ಡ ಕಾಳಗವಾಯಿತು. ನಮ್ಮ ಗಂಗರ ಬೂತುಗ ರಾಷ್ಟ್ರಕೂಟರ ಕಡೆ ನಿಂತಿದ್ದ. ಅಲ್ಲಿ ಚೆನ್ನಾಗಿ ಕಾದಿದ ಬೂತುಗನ ಬಂಟ ಮಣಲರತನಿಗೆ, ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು! ಆಮೇಲೆ ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಅಂತಲೂ ಬರೆಸಿದರು. ಅದೇ ಕಲ್ಲಿನಲ್ಲಿ ಬದುಕಿ ಬಂದ ಮಣಲರತನ ಹೆಸರೂ ಇದೆ. ಸಾವಿರ ವರ್ಷದ ಹಿಂದಿನವರು ಬದುಕಿದವನನ್ನು ಬಿಡಲಿಲ್ಲ, ನಾವು ಯಾಕೆ ಬಿಡಬೇಕು ಅಂದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ನಿನಗೆ ಹತ್ತಿರ, ಒಂದು ಸಲ ನೋಡು.

ನಿನ್ನ ತಾತನ ಮಾತು ಸಭೆಯಲ್ಲಿ ಎತ್ತಲಿಲ್ಲ. ನಮ್ಮ ಮನೆಗೋಸ್ಕರ ಕೇಳಿದ ಹಾಗಾಗುತ್ತಿತ್ತು. ನಿನಗೆ ಹೇಳುತ್ತೇನೆ. ತಾತ ಎಂಇಜಿಯಲ್ಲಿದ್ದರು, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ. 1971ರಲ್ಲಿ, ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧದಲ್ಲಿ, ಅವರದು ನೆಲದಲ್ಲಿ ಹೂತ, ತುಳಿದರೆ ಸಿಡಿಯುವ ಮೈನ್ ತೆಗೆಯುವ ಕೆಲಸ. ಮೊಣಕಾಲೂರಿ, ಕಂಬಿಯಿಂದ ಮಣ್ಣನ್ನು ಓರೆಯಾಗಿ ಚುಚ್ಚಿ ನೋಡುತ್ತಾ ಹೋಗಬೇಕು. ಹಿಂದಿನವರು ಅವರು ಬಿಡಿಸಿದ ದಾರಿಯಲ್ಲೇ ಬರಬೇಕು. ಊರಿಗೆ ಬಂದ ಮೇಲೂ ಗದ್ದೆ ಬದುವಿನಲ್ಲಿ ನೆಲ ನೋಡಿಕೊಂಡೇ ನಡೆಯುತ್ತಿದ್ದರು. ನನ್ನನ್ನು ಎಂದೂ ಮುಂದೆ ಬಿಡುತ್ತಿರಲಿಲ್ಲ. ಹಾವಿಗೆ ಹೆದರುತ್ತಾರೆ ಅಂದುಕೊಂಡಿದ್ದೆ. ನನಗೆ ನಲವತ್ತು ದಾಟಿದ ಮೇಲೆ, ಅವರ ಜೊತೆಯಲ್ಲಿದ್ದವರೊಬ್ಬರು ಮನೆಗೆ ಬಂದು ಹೇಳಿದಾಗ ಅರ್ಥವಾಯಿತು. ಅಷ್ಟರಲ್ಲಿ ತಾತ ಇರಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಕೊನೆಗೆ ಎಲ್ಲರ ಹೆಸರನ್ನೂ ಹಾಕುವುದು ಅಂತ ಆಯಿತು. ಹವಾಲ್ದಾರ್, ಸುಬೇದಾರ್ ಅಂತ ಮೇಲೆ ಕೆಳಗೆ ಬೇಡ, ಸೇರಿದ ವರ್ಷದ ಪ್ರಕಾರ ಬರಲಿ ಅಂದರು. ಆದರೆ ನಮ್ಮೂರಲ್ಲಿ ಒಂದೇ ಹೆಸರಿನವರು ಎಷ್ಟು ಜನ, ಗೊತ್ತಲ್ಲ? ಆಗ ಮೂಲೆಯಲ್ಲಿ ಕೂತಿದ್ದ ಅಜ್ಜಿ, ನಂಬರ್ ಹಾಕ್ಸಿ ಅಂದರು. ತಾತನ ಆರ್ಮಿ ನಂಬರನ್ನು ಒಂದೇ ಉಸಿರಿಗೆ ಹೇಳಿಯೂಬಿಟ್ಟರು. ಅಜ್ಜಿಗೆ ಓದು ಬರಹ ಬರುವುದಿಲ್ಲ. ತಾತನಿಗೆ ಕಾಗದ ಬರೆಸುವಾಗ ಮೇಷ್ಟ್ರ ಮುಂದೆ ಕೂತು, ನಂಬರಿನಿಂದ ಹಿಡಿದು ಸೈನ್ಯದ ಅಂಚೆ ಕಚೇರಿ 56 ಎಪಿಒವರೆಗೆ ವಿಳಾಸ ಹೇಳಿ ಹೇಳಿ ಬಾಯಿಪಾಠವಾಗಿದೆ.

ಕೆತ್ತುವವರಿಗೆ ಪಟ್ಟಿ ಚೊಕ್ಕವಾಗಿ ಬರೆದುಕೊಡಬೇಕು. ನಿನ್ನ ಅಕ್ಷರ ದುಂಡಗಿದೆ. ಭಾನುವಾರ ಬಾ. ತಾತನ ನಂಬರನ್ನು ಕಾಗದ ನೋಡಿ ಬರೆಯಬೇಡ, ಅಜ್ಜಿ ಪಕ್ಕದಲ್ಲಿ ಕೂತು ಹೇಳುತ್ತಾರೆ.

ನಿನ್ನ ಅಪ್ಪ