ವೈನಿ, ಅಕ್ಷರ ಆಮ್ಯಾಲೆ ಬರತಾವ

ಬರ್ಮಿಂಗ್‌ಹ್ಯಾಮ್

ವೈನಿಯವರಿಗೆ ನಮಸ್ಕಾರ,

ನಾವೆಲ್ಲಾ ಆರಾಮ. ಬಾಗೇವಾಡಿ ಕಡೆ ಸೀತನಿಗೆ ಎಳೀ ಜೋಳದ ತೆನಿ ಸುಡೂ ದಿನ ಬಂದಾವ ಅಂತ ಅಣ್ಣ ಹೇಳಿದ.

ಮಲ್ಲುಗ ಎರಡು ವರ್ಷ ತುಂಬಿದ್ರೂ ಅ, ಆ ಬರೂದಿಲ್ಲ ಅಂತ ಚಿಂತಿ ಮಾಡಿದ್ರೆಲ್ಲ, ಅದರ ಸಲುವಾಗಿ ಬರಿಯಾಕತ್ತೀನಿ. ಈ ವಯಸ್ಸಿಗೆ ಅಕ್ಷರದ ಅವಸರ ಬ್ಯಾಡ. ಮಾತು ಬೆಳೀಲಿ. ಕಿವಿಗೆ ಬಾಳ ಶಬ್ದ ಬಿದ್ದ ಕೂಸಿಗೆ ಮುಂದ ಸಾಲ್ಯಾಗ ಓದೂದು ಹಗರ ಆಗ್ತೈತಿ, ಹಾಳಿಮ್ಯಾಲಿನ ಶಬ್ದ ಅದಕ್ಕ ಮೊದಲ ಗೊತ್ತಿರತೈತಿ.

ಕೂಸುಗೋಳಿಗೆ ಪುಕ್ಕಟೆ ಪುಸ್ತಕ ಕೊಡೂ 'ಬುಕ್‌ಸ್ಟಾರ್ಟ್' 1992ರಾಗ ಸುರುವಾಗಿದ್ದು ಇದ ಊರಾಗ. ನಮ್ಮ ಪುಟ್ಟಿಗೂ ಸಿಕ್ಕಾವ. ದಪ್ಪ ರಟ್ಟಿನ ಹಾಳಿ, ಚೀಪಿದ್ರೂ ಹರಿಯೂದಿಲ್ಲ. ಅಮೆರಿಕಾದ ಮಕ್ಕಳ ಡಾಕ್ಟರರ ಸಂಘನೂ 2014ರಾಗ, ಹುಟ್ಟಿದಾಗಿಂದನ ಕೂಸಿನ ಮುಂದ ಓದಬೇಕು ಅಂತ ಹೇಳೇತಿ.

ಓದೂದಂದ್ರ ಸಾಲು ಒಪ್ಪಿಸೂದಲ್ಲ ವೈನಿ. ತೊಡಿಮ್ಯಾಲೆ ಕುಂದರಿಸಿಕೊಂಡು, ಹಾಳಿ ಅವನ ಕೈಲೆ ತಿರುವಸ್ರಿ. ಅವ "ನಾಯಿ" ಅಂದ್ರ ನೀವು "ಹೌದು, ಕರೆ ನಾಯಿ ಓಡಾಕತ್ತೈತಿ" ಅನ್ರಿ. ಅವನ ಮಾತಿಗೆ ಒಂದೆರಡು ಶಬ್ದ ಕೂಡಸೂದು, ಅಷ್ಟ. "ಎಲ್ಲಿ ಹೊಂಟೈತಿ?" ಅಂತ ಕೇಳಿ ಸ್ವಲ್ಪ ಸುಮ್ನ ಇರ್ರಿ, ಉತ್ತರಕ್ಕ ಅವಗ ವ್ಯಾಳ್ಯಾ ಬೇಕಾಗ್ತೈತಿ. ಅದ ಪುಸ್ತಕ ಮತ್ತ ಮತ್ತ ತಂದ್ರ ಬ್ಯಾಸರಾ ಮಾಡಕೋಬ್ಯಾಡ್ರಿ, ಮಕ್ಕಳ ಬಾಯಾಗ ಶಬ್ದ ಕುಂದ್ರೂದು ಹಂಗ. ಪುಸ್ತಕದಾಗ ಗುಬ್ಬಿ ನೋಡಿದ ದಿನ ಹೊಲಕ್ಕ ಒಯ್ದು ಜೋಳದ ತೆನಿಮ್ಯಾಲಿನ ಗುಬ್ಬಿ ತೋರಸ್ರಿ.

ನಮ್ಮ ಮನಿ ಮಾತಿನ್ಯಾಗ ಹೇಳ್ರಿ, ಪುಸ್ತಕದ ಭಾಷಾದಾಗ ಬ್ಯಾಡ. ಅವ್ವಗ ಓದಾಕ ಬರೂದಿಲ್ಲ ಅಂತ ಆಕೀನ ಬಿಡಬ್ಯಾಡ್ರಿ. ಚಿತ್ರ ನೋಡಿ ಆಕಿ ಕತಿ ಕಟ್ಟಿದಂಗ ನಮಗ್ಯಾರಿಗೂ ಬರೂದಿಲ್ಲ, ನಾ ಮಾತು ಕಲ್ತದ್ದು ಆಕಿ ಒಡಪಿನಿಂದ. ಮೊಬೈಲಿನ ಹಾಡು ಅವನ ಮಾತಿಗೆ ತಿರುಗಿ ಮಾತಾಡೂದಿಲ್ಲ, ಅವ್ವ ಮಾತಾಡ್ತಾಳ.

ಪುಸ್ತಕಕ್ಕ ರೊಕ್ಕ ಬಾಳ ಬೇಕಾಗಿಲ್ಲ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ವೆಬ್‌ಸೈಟಿನ್ಯಾಗ ಕನ್ನಡದ ಚಿತ್ರಪುಸ್ತಕ ಪುಕ್ಕಟೆ ಸಿಗತಾವ. ಎಲ್ಲಕಿಂತ ಹಗರ ಇರೂ ಮೊದಲನೇ ಹಂತದ್ದು ನಾಕೈದು ಆರಿಸಿ ಝೆರಾಕ್ಸ್ ಅಂಗಡ್ಯಾಗ ಬಣ್ಣದಾಗ ತಗಸಿ, ರಟ್ಟಿಗೆ ಅಂಟಸ್ರಿ. ಪಂಚಾಯ್ತಿ ಗ್ರಂಥಾಲಯ, ಅಂದ್ರ ಅರಿವು ಕೇಂದ್ರದಾಗೂ ವಿಚಾರಸ್ರಿ.

ಅಣ್ಣಗ ಈ ಪತ್ರ ಓದಿಸ್ರಿ. ರಾತ್ರಿ ಊಟ ಆದಮ್ಯಾಲೆ ಹತ್ತು ನಿಮಿಷ ಅವನೂ ಮಲ್ಲುನ ಕೂಡ ಕುಂದರಬೇಕು, ಇದು ನಿಮ್ಮೊಬ್ಬರ ಕೆಲಸ ಅಲ್ಲ. ಐತಾರ ವಿಡಿಯೋ ಕಾಲ್ ಮಾಡಿದಾಗ ಮಲ್ಲುಗ ಒಂದು ಪುಸ್ತಕ ತಗೊಂಡು ಬಾ ಅಂತ ಹೇಳ್ರಿ, ಪುಟ್ಟಿನೂ ತನ್ನದು ತರತಾಳ.

ಅಪ್ಪ ಅವ್ವಗ ನಮಸ್ಕಾರ.

ನಿಮ್ಮ ಮೈದುನ